ಅಮಾವಾಸ್ಯೆಯ ದಿನ ಮಾರಿದ ಶೇರು

ನನ್ನ ಕೋಣೆ ಬೆಲ್ಲದ ಮೇಲಿತ್ತು. ಮೂಡಲಗಿಯಲ್ಲಿ ನಮ್ಮದು ಬೆಲ್ಲದ ಅಡತಿ ಅಂಗಡಿ. ರೈತರು ಗಾಣದಿಂದ ತಂದ ಬೆಲ್ಲದ ದೊಡ್ಡ ಅಚ್ಚುಗಳನ್ನು, ಅಂದರೆ ಪೆಂಟಿಗಳನ್ನು, ಸವಾಲಿಗಿಟ್ಟು ಹರಾಜಿನಲ್ಲಿ ಮಾರಿಸಿಕೊಡುವುದು, ದರ ಸರಿ ಕಂಡಾಗ ನಾವೂ ಒಂದಿಷ್ಟು ಕೊಂಡಿಟ್ಟು ಮಾರುವುದು, ಇದು ಮನೆತನದ ವ್ಯಾಪಾರ. ಕೆಳಗೆ ಪೆಂಟಿಗಳ ಸಾಲು, ಮೇಲೆ ಅಟ್ಟದಂಥ ಕೋಣೆ, ಅದರಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್, ನಾನು. ವಾಸನೆಗೇನೋ ಒಗ್ಗಿಹೋದೆ, ಇರುವೆಗಳಿಗೆ ಒಗ್ಗಲಾಗಲಿಲ್ಲ. ಬೆಳಿಗ್ಗೆ ಶೇರು ಮಾರುಕಟ್ಟೆ ತೆರೆಯುವ ಮೊದಲು ಲ್ಯಾಪ್‌ಟಾಪನ್ನು ತಲೆಕೆಳಗೆ ಮಾಡಿ ಚೆನ್ನಾಗಿ ಕೊಡವದಿದ್ದರೆ, ಕೀಲಿಗಳ ಸಂದಿಯಿಂದ ಒಂದೊಂದೇ ಹೊರಟು ಪರದೆಯ ಮೇಲೆ ನಾನು ಎಳೆದ ಗೆರೆಗುಂಟ ನಡೆಯುತ್ತಿದ್ದವು.

ಕೋಣೆ ಸಿಕ್ಕಿದ್ದು ದೀಪಾವಳಿ ಪಾಡ್ಯದ ದಿನ, ಅದೂ ಸುಮ್ಮನೆ ಸಿಕ್ಕಿದ್ದಲ್ಲ. ಶೇರಿಗೆ ಹಾಕುವ ಹಣದಲ್ಲಿ ಮಕ್ಕಳಿಗೆ ಕಾಮರ್ಸ್ ಟ್ಯೂಷನ್ ಹೇಳಿ ನಾನು ಉಳಿಸಿದ್ದು ಒಂದು ಪಾಲು, ಅಂಗಡಿಯಿಂದ ಮಾವನವರು ಕೊಟ್ಟಿದ್ದು ಒಂದು ಪಾಲು. ಗಾದಿಯ ಮೇಲೆ ಕುಳಿತು, ಅಂಗಡಿಯವರೆಲ್ಲ ಕೇಳುವ ಹಾಗೆ ಹೇಳಿದರು.

"ಯುಗಾದಿ ತನಕಾ ನೋಡವಾ. ಗಳಿಕಿ ನಾ ಕೇಳಾಂಗಿಲ್ಲ. ಮುದ್ದಲ ಉಳೀಬೇಕು. ಉಳೀಲಿಲ್ಲಂದ್ರ ಆ ಮಷೀನ ಮುಚ್ಚಿ, ಕೆಳಗ ಬಂದು ನಿನ್ನ ಮೈದುನನ ಕೈಯಾಗ ಅಂಗಡಿ ಲೆಕ್ಕ ಬರಿ."

ಮುದ್ದಲ ಅಂದರೆ ಹಾಕಿದ ಅಸಲು. ಮೈದುನನ ಕೈಕೆಳಗೆ ಲೆಕ್ಕ ಬರೆಯುವುದರಲ್ಲಿ ಅವಮಾನವೇನಿಲ್ಲ ಎಂದು ಯಾರಾದರೂ ಹೇಳಬಹುದು. ಹೇಳುವವರು ನನ್ನ ಮೈದುನನನ್ನು ನೋಡಿಲ್ಲ. ನನಗೆ ನನ್ನದೇ ಒಂದು ವ್ಯಾಪಾರ ಬೇಕಿತ್ತು. "ಆಗ್ಲಿರಿ ಮಾವಾರ," ಅಂದೆ. ಧ್ವನಿ ಗಟ್ಟಿಯಾಗಿಯೇ ಬಂತು.

ಕೆಲಸ ಕಲಿಸಿದವರು ಹುಕ್ಕೇರಿಯ ಕಾಕಾ. ಬಂಧುವಲ್ಲ. ನನ್ನ ತವರು ಹುಕ್ಕೇರಿ. ಅವರು ನಮ್ಮ ಓಣಿಯ ಜೈನರ ಅರಿವೆ ಅಂಗಡಿಯ ಹಿರಿಯರು. ಅಂಗಡಿಯನ್ನು ಮಗನಿಗೆ ಬಿಟ್ಟು ಹಿಂದಿನ ಕೋಣೆಯಲ್ಲಿ ಎರಡು ಪರದೆ ಇಟ್ಟುಕೊಂಡು ಕೂತಿದ್ದರು. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಭಾನುವಾರ ಮಾರುಕಟ್ಟೆ ಇರುವುದಿಲ್ಲ. ಆ ದಿನ ಗೋಕಾಕದಲ್ಲಿ ಬಸ್ಸು ಬದಲಿಸಿ ಅವರಲ್ಲಿಗೆ ಹೋಗುತ್ತಿದ್ದೆ. ವಾರವಾರ ತವರಿಗೆ ಹೊರಟ ಸೊಸೆಯನ್ನು ಅತ್ತೆಯವರು ಸುಮ್ಮನೆ ಬಿಡಬೇಕಲ್ಲ, ಬರುವಾಗ ಗೋಕಾಕದಲ್ಲಿ ಕರದಂಟು ಕಟ್ಟಿಸಿಕೊಂಡು ಬರುತ್ತಿದ್ದೆ.

ಕಾಕಾ ನನಗೆ ಕಲಿಸಿದ್ದು ದಿನದೊಳಗೆ ಕೊಂಡು ದಿನದೊಳಗೆ ಮಾರುವ ಆಟವಲ್ಲ. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಇಟ್ಟುಕೊಂಡು ಬಿಡುವುದು. ಕಂಪನಿ ಏನು ಮಾಡುತ್ತದೆ, ಅದರ ಮಾಲೀಕ ಯಾರು, ಇದನ್ನೆಲ್ಲ ಅವರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಬೆಲೆಯ ಚಾರ್ಟ್ ಮುಂದಿಟ್ಟು, ಹಿಂದೆ ಬೆಲೆ ಬಿದ್ದು ಬಿದ್ದು ಎಲ್ಲಿ ನಿಂತಿತ್ತೋ ಅಲ್ಲೊಂದು ಗೆರೆ, ಏರಿ ಏರಿ ಎಲ್ಲಿಂದ ಮರಳಿತ್ತೋ ಅಲ್ಲೊಂದು ಗೆರೆ ಎಳೆಸುತ್ತಿದ್ದರು. ಕೆಳಗಿನದು ಆಧಾರ, ಮೇಲಿನದು ತಡೆ. ಬೆಲೆ ತಡೆಯನ್ನು ದಾಟಬೇಕು, ದಾಟುವ ದಿನ ಕೈ ಬದಲಾದ ಶೇರುಗಳ ಸಂಖ್ಯೆ ದಿನನಿತ್ಯದ್ದಕ್ಕಿಂತ ಬಹಳ ಹೆಚ್ಚಿರಬೇಕು, ಆಗ ಮಾತ್ರ ಕೊಳ್ಳಬೇಕು. ಕೊಂಡ ಕೂಡಲೇ ಮಾರುವ ಆದೇಶವೊಂದನ್ನು ಇಟ್ಟುಬಿಡಬೇಕು. ಬೆಲೆ ಇಂತಲ್ಲಿಗೆ ಇಳಿದರೆ ನನ್ನನ್ನು ಕೇಳದೆ ಮಾರು ಎಂದು ಯಂತ್ರಕ್ಕೆ ಹೇಳಿಡುವುದು. ಇದಕ್ಕೆ ಸ್ಟಾಪ್‌ಲಾಸ್ ಅನ್ನುತ್ತಾರೆ.

"ಒಳಗ ಹೋಗೂದು ಯಾರಿಗರ ಬರ್ತೈತಿ ತಂಗಿ," ಅನ್ನುತ್ತಿದ್ದರು ಕಾಕಾ. "ಎಲ್ಲಿ ಹೊರಗ ಬರ್ತಿ, ಅದನ್ನ ಮೊದಲ ಹೇಳು. ಹೇಳಾಕ ಬರಲಿಲ್ಲಂದ್ರ ಬಸ್ ಹಿಡಿದು ಮನಿಗಿ ಹೋಗು."

ಒಂದು ವ್ಯವಹಾರ ಕೆಟ್ಟರೂ ಮುದ್ದಲದ ನೂರನೇ ಒಂದು ಪಾಲಿಗಿಂತ ಹೆಚ್ಚು ಹೋಗಬಾರದು, ಅಷ್ಟೇ ಶೇರು ಕೊಳ್ಳಬೇಕು ಎನ್ನುವುದು ಅವರ ಇನ್ನೊಂದು ಕಟ್ಟಳೆ. ಮೊದಲ ವಾರಗಳು ಹೀಗೇ ನಡೆದವು. ಚೂರು ಹೋಯಿತು, ಚೂರು ಬಂತು. ಮುದ್ದಲ ಇದ್ದಲ್ಲೇ ಇತ್ತು. ಗಂಡ ಅರಭಾವಿಯ ತೋಟಗಾರಿಕೆ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಸಂಜೆ ಬಸ್ಸಿಳಿದು ಬಂದವರೇ ಮೆಟ್ಟಿಲ ಕೆಳಗೆ ನಿಂತು, "ಏನ, ಮುಂಬೈ ಇವತ್ತ ಏನಂದ್ತು?" ಎಂದು ಕಾಡಿಸುತ್ತಿದ್ದರು. "ನಿಮ್ಮ ಪಗಾರ ಸಾಲಾಂಗಿಲ್ಲ ಅಂದ್ತು," ಅನ್ನುತ್ತಿದ್ದೆ.

ಆಮೇಲೆ ಬಂತು ಸಕ್ಕರೆ ಕಂಪನಿಯ ಶೇರು.

ಚಾರ್ಟ್ ನೋಡಿದರೆ ಅಷ್ಟು ಚೆಂದ. ಬೆಲೆ ಮೊದಲು ಕಂಬದ ಹಾಗೆ ನೆಟ್ಟಗೆ ಏರಿತ್ತು. ಆಮೇಲೆ ಕೆಲವು ದಿನ ಕಿರಿದಾದ ಪಟ್ಟಿಯೊಳಗೆ ಮೆಲ್ಲಗೆ ಜಾರುತ್ತ ಬಂದಿತ್ತು. ಜಾರುವಾಗ ಮಾರುವವರು ಕಡಿಮೆ. ಕಂಬಕ್ಕೆ ಕಟ್ಟಿದ ಬಾವುಟದ ಹಾಗೆ ಕಾಣುವ ಈ ಆಕಾರಕ್ಕೆ ಫ್ಲ್ಯಾಗ್ ಎಂದೇ ಹೆಸರು. ಬಾವುಟದ ಮೇಲಂಚನ್ನು ಬೆಲೆ ದಾಟಿದ ದಿನ ವಹಿವಾಟು ಜೋರಾಗಿತ್ತು. ಕೊಂಡೆ. ಬಾವುಟದ ಕೆಳಗಂಚಿಗೆ ಸ್ಟಾಪ್‌ಲಾಸ್ ಇಟ್ಟೆ. ಅಲ್ಲಿಯವರೆಗೆ ಎಲ್ಲವೂ ಕಾಕಾ ಹೇಳಿದ ಹಾಗೆಯೇ.

ಆ ವಾರವೇ ಎಳ್ಳಮಾವಾಸ್ಯೆ. ನಮ್ಮ ಅಂಗಡಿಯಲ್ಲಿ ಅಮಾವಾಸ್ಯೆ ಅಂದರೆ ತಕ್ಕಡಿಗೆ ರಜೆ. ತಕ್ಕಡಿ ಇಳಿಸಿ, ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು, ಬಾಗಿಲಿಗೆ ಹೊಸ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರೆ ಮುಗಿಯಿತು. ಆ ದಿನ ಮಾಲು ಹೊಸ್ತಿಲು ದಾಟಿ ಹೋಗುವಂತಿಲ್ಲ. ಅದಕ್ಕೆ ಹಿಂದಿನ ಅಮಾವಾಸ್ಯೆಯಲ್ಲಿ ನನಗೆ ತೊಂದರೆಯಾಗಿರಲಿಲ್ಲ, ಕೈಯಲ್ಲಿ ಶೇರೇ ಇರಲಿಲ್ಲ. ಈ ಸಲ ಹಿಂದಿನ ಸಂಜೆ ಮಾವನವರು ಮೆಟ್ಟಿಲು ಹತ್ತಿ ಮೇಲೆ ಬಂದರು. ಮೊಣಕಾಲು ನೋವಿನವರು ಸುಮ್ಮಸುಮ್ಮನೆ ಹತ್ತುವುದಿಲ್ಲ.

"ನಾಳೆ ಅಮಾಸಿ ಐತಿ. ಮಾರೂದು ಗೀರೂದು ಇಟ್ಕೋಬ್ಯಾಡ."

"ನಾ ಏನೂ ಮಾರಾಂಗಿಲ್ರಿ. ಬೆಲಿ ಇಳಿದ್ರ ಅದ ತಾನ ಮಾರ್ತೈತಿ, ಆದೇಶ ಇಟ್ಟೇನಿ."

"ಇಟ್ಟ ಕೈ ನಿಂದಲ್ಲೇನ?"

"ಶೇರು ಮುಂಬೈದಾಗ ಇರ್ತಾವರಿ ಮಾವಾರ. ನಮ್ಮ ಹೊಸ್ತಿಲಿಗೂ ಅವಕ್ಕೂ ಏನ ಸಂಬಂಧ?"

"ಮುಂಬೈದಾಗರ ಇರಲಿ, ಲಂಡನ್ನಾಗರ ಇರಲಿ. ನೀ ಈ ಮನ್ಯಾಗ ಕುಂತು ಮಾರಾಕತ್ತಿ. ಅಮಾಸಿ ದಿನ ನಮ್ಮ ಮನ್ಯಾಗಿಂದ ಮಾಲ ಹೋಗಿಲ್ಲ, ನನ್ನಪ್ಪನ ಕಾಲದಾಗೂ ಹೋಗಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಜಗಳ ತೆಗೆಯುತ್ತಿದ್ದೆ. ಆದರೆ ಕೋಣೆ ಕೊಟ್ಟವರು ಅವರು. ಒಂದೇ ದಿನದ ಮಾತಲ್ಲವೇ ಎಂದುಕೊಂಡು ಅವರ ಎದುರಿಗೇ ಆದೇಶ ತೆಗೆದುಹಾಕಿದೆ. ಅವರು ಸಮಾಧಾನದಿಂದ ಇಳಿದುಹೋದರು.

ಮರುದಿನ ನಾವೆಲ್ಲ ಹೊಲದಲ್ಲಿದ್ದೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಹೋಳಿಗೆಯ ಬುತ್ತಿ. ಗಂಡಸರು ಭೂಮಿತಾಯಿಗೆ ಹಿಡಿದ ಎಡೆಯ ಚರಗವನ್ನು ಬೆಳೆಯ ಸುತ್ತ ಚೆಲ್ಲಿಕೊಂಡು ಹೋಗುವಾಗ ನಾನೂ ಹಿಂದೆ ನೀರು ಹಾಕುತ್ತ ನಡೆದೆ. ಫೋನು ಚೀಲದಲ್ಲಿ ಮುಚ್ಚಿಕೊಂಡಿತ್ತು. ಸಕ್ಕರೆ ರಫ್ತಿನ ಬಗ್ಗೆ ಏನೋ ಒಂದು ಗಾಳಿಸುದ್ದಿ ಹಬ್ಬಿ ಆ ಮಧ್ಯಾಹ್ನ ಶೇರು ಬಾವುಟದ ಕೆಳಗಂಚನ್ನು ಹರಿದುಕೊಂಡು ಬಿದ್ದದ್ದು ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ಮರುದಿನ ಬೆಳಿಗ್ಗೆ ಇನ್ನಷ್ಟು ಕೆಳಗೆ ತೆರೆಯಿತು. ನೂರನೇ ಒಂದು ಪಾಲು ಹೋಗಬೇಕಿದ್ದಲ್ಲಿ ಅದರ ಹಲವು ಪಟ್ಟು ಹೋಗಿತ್ತು.

ಇಲ್ಲಿಯವರೆಗೆ ತಪ್ಪನ್ನು ಅಮಾವಾಸ್ಯೆಯ ಮೇಲೆ ಹಾಕಬಹುದು. ಇದರ ಮುಂದಿನದು ಪೂರ್ತಿ ನನ್ನದು.

ಆ ಬೆಳಿಗ್ಗೆಯೇ ಮಾರಿಬಿಡಬೇಕಿತ್ತು. ಮಾರಲಿಲ್ಲ. ಯಾಕೆಂದರೆ ನಾನು ಬೆಲ್ಲದ ಮನೆಯ ಸೊಸೆ, ಕಬ್ಬಿನ ಸೀಮೆಯವಳು. ನನ್ನ ಕಿಟಕಿಯ ಕೆಳಗೆ ಕಬ್ಬಿನ ಟ್ರ್ಯಾಕ್ಟರು ಹಾಯುತ್ತವೆ. ಹಿಂದಿನ ವರ್ಷ ರಸ್ತೆ ದಾಟಲು ನಿಂತು ನಿಂತು ಕಾಲು ಸೋಲುತ್ತಿತ್ತು. ಈ ವರ್ಷ ಟ್ರ್ಯಾಕ್ಟರು ವಿರಳ. ಅಂಗಡಿಗೆ ಬಂದ ರೈತರೆಲ್ಲ ಅದನ್ನೇ ಹೇಳುತ್ತಿದ್ದರು. ಇಳುವರಿ ಇಲ್ಲ, ಕಾರ್ಖಾನೆಗಳು ಬೇಗ ಬಾಗಿಲು ಹಾಕುತ್ತವೆ, ಸಕ್ಕರೆ ದರ ಏರದೆ ಎಲ್ಲಿಗೆ ಹೋಗುತ್ತದೆ ಎಂದು. ಗಂಡ ಕೂಡ ಅರಭಾವಿ ದಾರಿಯಲ್ಲಿ ಕಂಡ ಗಾಡಿಗಳನ್ನು ಎಣಿಸಿಕೊಂಡು ಬರತೊಡಗಿದರು. ಮುಂಬೈಯಲ್ಲಿ ಕೂತವನಿಗೆ ಇದೆಲ್ಲ ಏನು ಗೊತ್ತು, ನಮ್ಮ ಕಣ್ಣೆದುರಿಗೇ ಇದೆಯಲ್ಲ ಎಂಬ ಹಮ್ಮು ನನ್ನ ತಲೆಗೆ ಹತ್ತಿತು. ಬೆಲೆ ಇಳಿದದ್ದನ್ನು ಅಗ್ಗ ಎಂದು ತಿಳಿದು ಇನ್ನಷ್ಟು ಕೊಂಡೆ. ಮತ್ತೆ ಇಳಿಯಿತು. ಮತ್ತೆ ಕೊಂಡೆ. ದರ ಬರುವವರೆಗೆ ಮಾಲು ಹಿಡಿದಿಡುವುದು ನಮ್ಮ ಪೇಟೆಯ ರಕ್ತದಲ್ಲೇ ಇದೆ.

ಚಾರ್ಟ್ ಮಾತ್ರ ತನ್ನ ಮಾತನ್ನು ಹೇಳುತ್ತಲೇ ಇತ್ತು. ಮೊದಲು ಆಧಾರವಾಗಿದ್ದ ಗೆರೆ ಈಗ ತಡೆಯಾಗಿತ್ತು. ಬೆಲೆ ಒಂದಿಷ್ಟು ಏರಿ ಬಂದು ಅದೇ ಗೆರೆಗೆ ತಲೆ ತಾಗಿಸಿಕೊಂಡು ಮರಳುತ್ತಿತ್ತು. ಪ್ರತಿ ಸಲ ಮರಳಿದಾಗಲೂ ಹಿಂದಿನದಕ್ಕಿಂತ ಕೆಳಗೆ ಹೋಗಿ ನಿಲ್ಲುತ್ತಿತ್ತು. ಏರುವ ದಿನ ವಹಿವಾಟು ತೆಳು, ಇಳಿಯುವ ದಿನ ಜೋರು. ಮೊದಲ ವಾರ ಕಲಿತ ಪಾಠ ಇದು. ಪರದೆಯಲ್ಲಿ ಅದು ಕಂಡ ಕೂಡಲೇ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಒಂದು ಭಾನುವಾರ ಹುಕ್ಕೇರಿಗೆ ಹೋಗಲಿಲ್ಲ. ಇನ್ನೊಂದು ಭಾನುವಾರವೂ ಹೋಗಲಿಲ್ಲ. ಕಾಕಾ ತಾವೇ ಫೋನು ಮಾಡಿದರು. ಬಾಯಿಬಿಟ್ಟು ಹೇಳಿದೆ.

"ಸ್ಟಾಪ್ ಎಲ್ಲಿ ಇಟ್ಟಿ?"

"ಇಟ್ಟಿಲ್ರಿ."

"ಅರೆ ತಂಗಿ, ನೀ ಶೇರು ನೋಡಾಕತ್ತಿಲ್ಲ. ಕಬ್ಬಿನ ಗಾಡಿ ನೋಡಾಕತ್ತಿ. ಗಾಡಿ ನೋಡೂದಿದ್ರ ರಸ್ತಾದಾಗ ಕುರ್ಚಿ ಹಾಕ್ಕೊಂಡು ಕುಂದ್ರು, ಕರೆಂಟರ ಉಳೀತೈತಿ."

"ಕಬ್ಬು ಇಲ್ಲರಿ ಕಾಕಾ ಈ ಸಲ. ಖರೇನ ಇಲ್ಲ."

"ಇಲ್ಲದ್ದು ಖರೆ ಇರಬಹುದು. ಬೆಲಿ ಇಳಿಯೂದೂ ಖರೆ. ನೀ ಕಬ್ಬು ತಗೊಂಡಿಯೋ, ಶೇರು ತಗೊಂಡಿಯೋ?"

ಫೋನು ಕಟ್ ಮಾಡಿದೆ. ಅವರ ಮೇಲೆ ಸಿಟ್ಟು ಬಂದಿರಲಿಲ್ಲ. ಅವರು ಹೇಳಿದ್ದು ನಿಜವೆಂದು ಗೊತ್ತಿದ್ದೂ ಒಪ್ಪಲಾಗದ ಸಿಟ್ಟು ಅದು. ಮುದ್ದಲದಲ್ಲಿ ಕಣ್ಣಿಗೆ ಕಾಣುವಷ್ಟು ಪಾಲು ಆಗಲೇ ಕರಗಿತ್ತು. ಯುಗಾದಿಗೆ ಇದನ್ನು ತುಂಬಿಕೊಳ್ಳದಿದ್ದರೆ ಮೈದುನ ಗಾದಿಯ ಮೇಲೆ ಕೂತು "ವೈನೀ, ಆ ಕೂಡಿಸಿದ್ದು ಮತ್ತೊಮ್ಮೆ ನೋಡ್ರಿ" ಎನ್ನುವುದು ಕಿವಿಯಲ್ಲಿ ಕೇಳಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ. ಗಂಡ ಮುಂಬೈ ಏನಂದ್ತು ಎಂದು ಕೇಳುವುದನ್ನು ನಿಲ್ಲಿಸಿದ್ದರು. ಅದು ಕಾಡಿಸುವುದಕ್ಕಿಂತ ಕೆಟ್ಟದಾಗಿತ್ತು.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ, ಕಾಲವಲ್ಲದ ಕಾಲದಲ್ಲಿ, ಒಂದು ಬೆಳಿಗ್ಗೆ ಮೋಡ ಕಟ್ಟಿತು. ಗಾಳಿಯಲ್ಲಿ ತೇವ. ಕೆಳಗೆ ಮಾವನವರು ತಾವೇ ಕೊಂಡಿಟ್ಟಿದ್ದ ಪೆಂಟಿಗಳ ಸಾಲೊಂದಿತ್ತು. ಇನ್ನೊಂದು ತಿಂಗಳು ಹಿಡಿದರೆ ಒಳ್ಳೆಯ ದರ ಸಿಗುತ್ತದೆ ಎಂದು ಕಾದಿದ್ದು. ಅವರು ಎದ್ದು ಹೋಗಿ ಒಂದು ಪೆಂಟಿಯ ಅರಿವೆ ಸರಿಸಿ ಅಂಗೈ ಇಟ್ಟು ನೋಡಿದರು. ಕೈ ತೆಗೆದು ಬೆರಳಿಗೆ ಬೆರಳು ಉಜ್ಜಿದರು. ಬೆಲ್ಲ ಬೆವರತೊಡಗಿತ್ತು, ಇನ್ನು ಇಟ್ಟರೆ ಕರಗಿ ಕೆಡುವುದೇ. ಗಾದಿಗೆ ಮರಳಿದವರೇ ಸಾಂಗ್ಲಿಯ ವ್ಯಾಪಾರಿಗೆ ಫೋನು ಹಚ್ಚಿದರು. ಅವನು ದರ ಮುರಿದು ಕೇಳಿದ. ಮೇಲಿನ ಮೆಟ್ಟಿಲಲ್ಲಿ ಕುಳಿತಿದ್ದ ನನಗೆ ಅದು ಅಸಲಿಗಿಂತ ಕಡಿಮೆ ಎಂದು ತಿಳಿಯಿತು.

"ಲಾರಿ ಕಳಸ್ರಿ," ಅಂದರು ಮಾವನವರು. ಅಷ್ಟೇ. ಫೋನು ಇಟ್ಟು ಹಮಾಲರನ್ನು ಕರೆದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ನಾನು ಕೆಳಗಿಳಿದೆ. "ನಷ್ಟ ಆತಲ್ರಿ ಮಾವಾರ."

"ನಷ್ಟ ಆಗಿದ್ದು ಮೋಡ ಬಂದಾಗ. ನಾ ಬರೇ ಮಾರಿದೆ." ಆಮೇಲೆ ಚಹಾ ತರಲು ಹೇಳಿದರು.

ನಾನು ಅಲ್ಲಿಯೇ ನಿಂತುಬಿಟ್ಟೆ. ಈ ಮನೆಗೆ ಬಂದಾಗಿನಿಂದ ಇವರು ಮಾಲು ಹಿಡಿದಿಡುವುದನ್ನು ಮಾತ್ರ ನಾನು ಕಂಡಿದ್ದೆ, ಹೆಮ್ಮೆಪಟ್ಟಿದ್ದೆ, ಕಲಿತಿದ್ದೆ. ಕೈ ಒದ್ದೆಯಾದ ಗಳಿಗೆಗೆ ಬಿಟ್ಟುಕೊಡುವುದನ್ನೂ ವರ್ಷ ವರ್ಷ ಮಾಡಿರಬೇಕು. ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಬೆಲ್ಲ ಬೆವರಿದೆಯೋ ಇಲ್ಲವೋ ಎಂದು ಅಂಗೈ ಇಟ್ಟು ನೋಡುವ ಬದಲು ನಾನು ಹೊಲದಲ್ಲಿ ಕಬ್ಬು ಎಷ್ಟಿದೆ ಎಂದು ನೋಡುತ್ತ ಕೂತಿದ್ದೆ.

ಮೇಲೆ ಹೋದೆ. ಇರುವೆ ಕೊಡವಲಿಲ್ಲ, ಕಿಟಕಿ ಮುಚ್ಚಿದೆ. ಇದ್ದ ಸಕ್ಕರೆ ಶೇರನ್ನೆಲ್ಲ, ಒಂದೂ ಉಳಿಸದೆ, ಆಗಿನ ಬೆಲೆಗೆ ಮಾರಿದೆ. ಮಾರಿದ ಮೇಲೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಹಸಿವು. ಅತ್ತೆಯವರು ರೊಟ್ಟಿ ಬಡಿಯುತ್ತಿದ್ದರು, ಹಂಚಿನ ಮೇಲಿಂದಲೇ ಇಸಿದುಕೊಂಡು ತಿಂದೆ. ಸಂಜೆ ಕಾಕಾನಿಗೆ ಫೋನು ಮಾಡಿದೆ. ಅವರು ಬೈಯಲಿಲ್ಲ. "ಈಗ ಸಾಲಿ ಶುರು ಆತು ನೋಡು," ಅಂದರು.

ಆ ಸಾಲಿ ಬಹಳ ಬೇಸರದ ಶಾಲೆ. ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ. ನನ್ನ ಕಿಟಕಿಯಿಂದ ಕಾಣುವ ಯಾವ ಪದಾರ್ಥದ ಶೇರನ್ನೂ ಮುಟ್ಟಕೂಡದು. ಸಕ್ಕರೆ, ಗೊಬ್ಬರ, ಟ್ರ್ಯಾಕ್ಟರು ಎಲ್ಲ ಹೊರಗೆ. ಕೊಳ್ಳುವ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದೆ. ಬೆಳಿಗ್ಗೆ ಒಂದೊಂದೇ ಚಾರ್ಟ್ ತೆಗೆದು ಗೆರೆ ಎಳೆಯುವುದು, ಗೆರೆ ದಾಟಿದ್ದರೆ ವಹಿವಾಟು ನೋಡುವುದು, ವಹಿವಾಟು ತೆಳುವಾಗಿದ್ದರೆ ಮುಚ್ಚುವುದು. ಎಷ್ಟೋ ದಿನ ಏನೂ ಕೊಳ್ಳದೆ, ಏನೂ ಮಾರದೆ ಸಂಜೆಯಾಗುತ್ತಿತ್ತು. ಕೈ ತುರಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಕೆಳಗೆ ಹೋಗಿ ಅತ್ತೆಯವರ ಜೊತೆ ಜೋಳ ಹಸನು ಮಾಡುತ್ತ ಕೂರುತ್ತಿದ್ದೆ. ಮೇಲೆ ಕೂತರೆ ಎಲ್ಲಿ ಬೇಸರಕ್ಕೊಂದು ಶೇರು ಕೊಂಡುಬಿಡುತ್ತೇನೋ ಎಂದು ನನ್ನ ಮೇಲೆ ನನಗೇ ನಂಬಿಕೆಯಿರಲಿಲ್ಲ.

ಮಧ್ಯೆ ಎರಡು ಸಲ ಸ್ಟಾಪ್‌ಲಾಸ್ ತಗುಲಿತು. ಎರಡು ಸಲವೂ ಹೋದದ್ದು ಮೊದಲೇ ಲೆಕ್ಕ ಹಾಕಿದ್ದಷ್ಟೇ. ಕರೆಂಟು ಹೋಯಿತು, ನೆಟ್‌ವರ್ಕ್ ಹೋಯಿತು. ಆದೇಶ ಯಂತ್ರದೊಳಗೆ ಇದ್ದದ್ದರಿಂದ ನನ್ನ ಎದೆಬಡಿತ ಏರಲಿಲ್ಲ. ನಡುವೆ ಬಂದ ಅಮಾವಾಸ್ಯೆಗೆ ಮೊದಲೇ ಎಲ್ಲ ಮಾರಿ ಕೈ ಖಾಲಿ ಮಾಡಿಕೊಂಡೆ. ಬಂದ ಲಾಭಗಳು ದೊಡ್ಡವಲ್ಲ. ಆದರೂ ಕರಗಿದ ಮುದ್ದಲ ಹನಿ ಹನಿಯಾಗಿ ತುಂಬತೊಡಗಿತು.

ಹೋಳಿ ಹುಣ್ಣಿಮೆಯ ಸುಮಾರಿಗೆ ಔಷಧಿ ಕಂಪನಿಯೊಂದರ ಚಾರ್ಟ್ ಸಿಕ್ಕಿತು. ಅವರು ಯಾವ ಗುಳಿಗೆ ಮಾಡುತ್ತಾರೆ ಎಂದು ಇಂದಿಗೂ ನನಗೆ ಗೊತ್ತಿಲ್ಲ. ಬೆಲೆ ಒಂದು ಮಟ್ಟಕ್ಕೆ ಬಿದ್ದು, ಎದ್ದು, ಮತ್ತೆ ಅದೇ ಮಟ್ಟಕ್ಕೆ ಬಿದ್ದು, ಅಲ್ಲಿಂದ ಮತ್ತೆ ಎದ್ದಿತ್ತು. ಎರಡನೇ ಸಲ ಬಿದ್ದಾಗ ಮಾರುವವರು ಬಹಳ ಕಡಿಮೆ. ಎರಡು ತಗ್ಗುಗಳ ನಡುವಿನ ದಿಬ್ಬದ ಎತ್ತರಕ್ಕೆ ಗೆರೆ ಎಳೆದು ಕಾದೆ. ಬೆಲೆ ಒಮ್ಮೆ ಗೆರೆ ಮುಟ್ಟಿ ಮರಳಿತು. ಕೊಳ್ಳಲಿಲ್ಲ. ಇನ್ನೊಮ್ಮೆ ದಾಟಿತು, ವಹಿವಾಟು ತುಂಬಿಕೊಂಡು ಬಂತು. ಕೊಂಡು, ಎರಡನೇ ತಗ್ಗಿನ ಕೆಳಗೆ ಸ್ಟಾಪ್‌ಲಾಸ್ ಇಟ್ಟೆ. ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಪ್ರತಿ ಮೆಟ್ಟಿಲಿಗೂ ನಾನು ಸ್ಟಾಪ್‌ಲಾಸನ್ನು ಒಂದೊಂದು ಮೆಟ್ಟಿಲು ಮೇಲಕ್ಕೆತ್ತುತ್ತ ಹೋದೆ. ಯುಗಾದಿ ಹತ್ತಿರ ಬಂತು. ಸ್ಟಾಪ್‌ಲಾಸ್ ತಗುಲಿದರೆ ಮುದ್ದಲಕ್ಕೆ ಇನ್ನೂ ಚೂರು ಕಡಿಮೆ. ಬೆಲೆ ಇನ್ನೊಂದೇ ಮೆಟ್ಟಿಲು ಏರಿದರೆ ಮುದ್ದಲ ಪೂರ್ತಿ.

ಯುಗಾದಿ ಪಾಡ್ಯದ ಹಿಂದಿನ ದಿನ ಯಾವಾಗಲೂ ಅಮಾವಾಸ್ಯೆಯೇ. ಇದು ನನಗೆ ಪಂಚಾಂಗ ನೋಡದೆಯೂ ಗೊತ್ತಿರಬೇಕಿತ್ತು. ಗಡುವಿನ ಕೊನೆಯ ದಿನವೇ ಮನೆಯಲ್ಲಿ ಮಾರುವಂತಿಲ್ಲದ ದಿನ.

ದಾರಿಗಳಿದ್ದವು. ಹಿಂದಿನ ದಿನವೇ ಮಾರಿ, ಮುದ್ದಲ ಚೂರು ಕಡಿಮೆ ಎಂದು ಒಪ್ಪಿಕೊಳ್ಳಬಹುದಿತ್ತು. ಆದರೆ ಚಾರ್ಟ್ ಮಾರು ಎಂದು ಹೇಳಿರಲಿಲ್ಲ, ಹೇಳದೆ ಮಾರುವುದೂ ನಿಯಮ ಮುರಿಯುವುದೇ. ಎಳ್ಳಮಾವಾಸ್ಯೆಯ ಹಾಗೆ ಸ್ಟಾಪ್‌ಲಾಸ್ ತೆಗೆದು ದೇವರ ಮೇಲೆ ಭಾರ ಹಾಕಬಹುದಿತ್ತು. ಅದಂತೂ ಸತ್ತರೂ ಸಾಧ್ಯವಿರಲಿಲ್ಲ. ಮಾವನವರಿಗೆ ತಿಳಿಸದೆ ಆದೇಶ ಇಟ್ಟುಬಿಡಬಹುದಿತ್ತು. ಕದ್ದು ಮಾಡುವುದು ನನ್ನ ಜಾಯಮಾನವಲ್ಲ, ಸಿಕ್ಕಿಬೀಳುವುದು ಮಾತ್ರ ನನ್ನ ಜಾಯಮಾನ.

ಹಿಂದಿನ ಸಂಜೆ ಮೆಟ್ಟಿಲಲ್ಲಿ ಕುಳಿತು ಯೋಚಿಸುತ್ತಿದ್ದಾಗ ಹಮಾಲರು ಪೆಂಟಿಗಳನ್ನು ಹೊರಗಿನ ಕಟ್ಟೆಗೆ ಸಾಗಿಸುತ್ತಿದ್ದರು. ಅಂಗಡಿಯ ಹೊಸ್ತಿಲಾಚೆ ಬೇವಿನ ಮರದ ಕೆಳಗಿನ ಕಟ್ಟೆ ಅದು. ಲಾರಿಯವನು ಅಮಾವಾಸ್ಯೆಯ ದಿನವೇ ಬರುತ್ತೇನೆಂದು ಹಟ ಹಿಡಿದಾಗ ಮಾವನವರು ಮಾಡುವುದೇ ಇದು. ಹಿಂದಿನ ಸಂಜೆಯೇ ಮಾಲನ್ನು ಹೊಸ್ತಿಲು ದಾಟಿಸಿ ಕಟ್ಟೆಯ ಮೇಲೆ ತಾಡಪತ್ರಿ ಹೊದಿಸಿ ಇಡುವುದು. ದಾಟಿದ ಮಾಲು ಮನೆಯದಲ್ಲ, ದಾರಿಯದು. ಅಮಾವಾಸ್ಯೆಗೆ ಅದು ಹೋದರೆ ತಪ್ಪಿಲ್ಲ. ಇಷ್ಟು ವರ್ಷ ನೋಡಿದ್ದೆ. ಆ ಸಂಜೆ ಎದ್ದು ನಿಂತೆ.

ಲ್ಯಾಪ್‌ಟಾಪು, ಚಾರ್ಜರು, ಫೋನು ಎಲ್ಲ ಚೀಲಕ್ಕೆ ತುಂಬಿ ಇಳಿದೆ. ಮಾವನವರು ಗಾದಿಯ ಮೇಲಿಂದ ನೋಡಿದರು.

"ಎಲ್ಲಿಗೆ ಹೊಂಟಿವಾ?"

"ಮಾಲು ಹೊಸ್ತಿಲ ದಾಟಸಾಕತ್ತೇನ್ರಿ ಮಾವಾರ. ನಾಳೆ ಕಟ್ಟಿ ಮ್ಯಾಲ ಕುಂದರ್ತೇನಿ."

ಅವರು ಲೆಕ್ಕದ ಪುಸ್ತಕ ಬಿಡಿಸಿದರು. ಒಪ್ಪಿದರೋ ಸಿಟ್ಟಾದರೋ ತಿಳಿಯಲಿಲ್ಲ. ಚೀಲವನ್ನು ಬಾಜೂ ಗೊಬ್ಬರದ ಅಂಗಡಿಯಲ್ಲಿ ಇಟ್ಟು ಬಂದೆ.

ಮರುದಿನ ಒಳಗೆ ತಕ್ಕಡಿಯ ಪೂಜೆಗೆ ಕೈಮುಗಿದು, ಪ್ರಸಾದ ತಿಂದು, ಹೊರಗೆ ಬಂದು, ಗೊಬ್ಬರದ ಅಂಗಡಿಯಿಂದ ಚೀಲ ಇಸಿದುಕೊಂಡು, ಬೆಲ್ಲದ ಪೆಂಟಿಗಳ ನಡುವೆ ಕುಳಿತೆ. ಫೋನಿನಿಂದ ನೆಟ್ ತೆಗೆದುಕೊಂಡು, ಸ್ಟಾಪ್‌ಲಾಸ್ ಇಟ್ಟಲ್ಲೇ ಇದೆ ಎಂದು ನೋಡಿಕೊಂಡೆ. ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ, ಸೆರಗು ಹೊದಿಸಿ ನೋಡುತ್ತಿದ್ದೆ. ಹಮಾಲರಿಗೆ ಬೇರೆ ಕೆಲಸವಿರಲಿಲ್ಲ. "ವೈನಿಯಾರ, ಪೆಂಟಿ ಲಾರಿಗಿ ಹಾಕುಮುಂದ ನಿಮ್ಮನ್ನೂ ಹಾಕೂದೇನ್ರಿ?" ಎಂದು ಒಬ್ಬ ಕೇಳಿದ. "ತೂಕಕ್ಕ ಹತ್ತಂಗಿದ್ರ ಹಾಕ್ರಿ," ಅಂದೆ. ಒಳಗೆ ಗಾದಿಯ ಮೇಲೆ ಮಾವನವರು ನೆಟ್ಟಗೆ ಕುಳಿತಿದ್ದರು. ಬಾಗಿಲಿನಿಂದ ನನಗೆ ಅವರು, ಅವರಿಗೆ ನಾನು ಚೆನ್ನಾಗಿ ಕಾಣುತ್ತಿದ್ದೆವು.

ಊಟದ ಹೊತ್ತಿಗೆ ಮೊದಲು ಬೆಲೆ ಇಳಿಯತೊಡಗಿತು. ಇಳಿಯುವಾಗ ವಹಿವಾಟು ಏರುತ್ತಿತ್ತು. ಸ್ಟಾಪ್‌ಲಾಸಿಗೆ ಇನ್ನೇನು ಕೂದಲೆಳೆ ಅಂತರ. ಬೆರಳು ಅದನ್ನು ತೆಗೆದುಹಾಕುವ ಗುಂಡಿಯ ಮೇಲೆಯೇ ಇತ್ತು. ಒಂದೇ ಒಂದು ಒತ್ತು. ಯಾರೂ ಕೇಳುವವರಿಲ್ಲ, ಕೇಳಿದರೂ ಅಮಾವಾಸ್ಯೆ ಎಂದುಬಿಡಬಹುದು. ಬೆರಳನ್ನು ತೆಗೆದು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಬೆಲೆ ಗೆರೆ ಮುಟ್ಟಿತು. ಶೇರು ಮಾರಿಹೋಯಿತು.

ಸ್ವಲ್ಪ ಹೊತ್ತಿಗೆಲ್ಲ ಬೆಲೆ ತಿರುಗಿತು. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ನನಗೆ ಬೇಕಾಗಿದ್ದ ಮೆಟ್ಟಿಲನ್ನೂ ದಾಟಿ ಮೇಲೆ ನಿಂತಿತ್ತು. ಸುಳ್ಳು ಯಾಕೆ ಹೇಳಲಿ, ಆ ಲ್ಯಾಪ್‌ಟಾಪನ್ನು ಎತ್ತಿ ಬೇವಿನ ಮರಕ್ಕೆ ಅಪ್ಪಳಿಸಬೇಕು ಅನ್ನಿಸಿತು. ಮುಚ್ಚಿ, ಚೀಲಕ್ಕೆ ಹಾಕಿ, ಮತ್ತೆ ಗೊಬ್ಬರದ ಅಂಗಡಿಗೆ ಕೊಟ್ಟು ಬಂದೆ.

ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು, ಬೇವು ಬೆಲ್ಲದ ಬಟ್ಟಲು ಹಿಡಿದು ಎಲ್ಲರಿಗೂ ಕೊಡುತ್ತ ಮಾವನವರ ಮುಂದೆ ಬಂದೆ. ಗಂಡ, ಮೈದುನ, ಅತ್ತೆಯವರು ಎಲ್ಲ ಅಲ್ಲಿಯೇ ಇದ್ದರು. ಅವರು ಕೈಯೊಡ್ಡಿ ಬೇವು ಬೆಲ್ಲ ಇಸಿದುಕೊಂಡರು, ಬಾಯಿಗೆ ಹಾಕಲಿಲ್ಲ.

"ಮುದ್ದಲ ಉಳೀತೇನವಾ?"

"ಇಲ್ರಿ. ಚೂರು ಕಡಿಮಿ ಬಿತ್ತು."

ಮೈದುನ ಕೆಮ್ಮಿದ.

"ನಿನ್ನೆ ಕಟ್ಟಿ ಮ್ಯಾಲ ಕುಂತು ಮಾರಿದ್ದು, ಅದನ್ನ ಇಟ್ಟಿದ್ರ?"

"ಇಟ್ಟಿದ್ರ ಪೂರಾ ಆಗ್ತಿತ್ತು. ಸಂಜೀಕ ಏರಿತ್ರಿ."

"ಮತ್ತ್ಯಾಕ ಮಾರಿದಿ?"

ಸಮಜಾಯಿಷಿ ಹೇಳಲು ಮನಸ್ಸಾಗಲಿಲ್ಲ. ಗೆರೆ, ವಹಿವಾಟು, ಸ್ಟಾಪ್‌ಲಾಸ್ ಎಂದೆಲ್ಲ ಹೇಳಿ ಆಗಬೇಕಾದದ್ದೂ ಇರಲಿಲ್ಲ. ಸೋತದ್ದು ಸೋತದ್ದೇ. ಅವರ ಮುಖ ನೋಡಿ ಬಾಯಿಗೆ ಬಂದದ್ದನ್ನು ಹೇಳಿದೆ.

"ಮೋಡ ಬಂದಿತ್ರಿ ಮಾವಾರ."

ಅವರು ನನ್ನನ್ನೇ ನೋಡುತ್ತ ಕುಳಿತರು. ಆಮೇಲೆ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ಕೈ ಒರೆಸಿಕೊಂಡು ನನ್ನ ಗಂಡನ ಕಡೆ ತಿರುಗಿದರು.

"ಮ್ಯಾಲಿನ ಮೇಜು ಕೆಳಗ ಇಳಸೋ. ಗಾದಿ ಬಾಜೂ ಹಾಕು. ಆ ಅಟ್ಟದಾಗ ಕುಂತ್ರ ಅಕಿಗೆ ಪ್ಯಾಟಿ ಹೆಂಗ ಕಾಣ್ತೈತಿ?"

ಮೈದುನ ಏನೋ ಹೇಳಲು ಬಾಯಿ ತೆರೆದ. ಮಾವನವರು ಅವನಿಗೂ ಒಂದು ಚಮಚ ಬೇವು ಬೆಲ್ಲ ಕೊಡಲು ನನಗೆ ಸನ್ನೆ ಮಾಡಿದರು. ಕೊಟ್ಟೆ. ಬೇವು ಸ್ವಲ್ಪ ಹೆಚ್ಚೇ ಹಾಕಿ ಕೊಟ್ಟೆ.

"ಅಮಾಸಿ ದಿನ ಅಷ್ಟ ಆ ಮಷೀನ ಕಟ್ಟಿಗಿ ಒಯ್ಯಿ," ಅಂದರು ಮಾವನವರು.

"ಹೂಂರಿ," ಅಂದೆ. ಅಷ್ಟು ತಿಂಗಳು ಬಾರದೆ ಇದ್ದ ಅಳು ಆಗ ಬಂತು. ಬಟ್ಟಲು ಕೆಳಗಿಟ್ಟು ಗೊಬ್ಬರದ ಅಂಗಡಿಗೆ ಹೋಗಿ ನನ್ನ ಚೀಲ ತಂದೆ. ಗಂಡ ಮೇಜನ್ನು ಬೆನ್ನಿಗೆ ಹೊತ್ತು ಮೆಟ್ಟಿಲು ಇಳಿಯುತ್ತಿದ್ದರು. ನಾನು ಹೊಸ್ತಿಲ ಮೇಲೆ ನಿಂತು, ಲ್ಯಾಪ್‌ಟಾಪನ್ನು ತಲೆಕೆಳಗೆ ಮಾಡಿ, ಇರುವೆಗಳನ್ನು ಹೊರಗೆ ಕೊಡವಿ, ಒಳಗೆ ಬಂದೆ.